ಅತ್ತೆಯ ಒತ್ತಾಸೆ

ನಮ್ಮತ್ತೆ ಚಾಮುಂಡಮ್ಮನಿಗೆ ಒಂದು ಚಟವಿದೆ. ಊರಲ್ಲಿ ಯಾರಿಗೇ ಏನೇ ಆಗಲಿ, ಒತ್ತಾಸೆಗೆ ಹೋಗಿ ನಿಲ್ಲುವುದು. ಹೆರಿಗೆಗೆ, ಹಲ್ಲು ಕೀಳಿಸುವುದಕ್ಕೆ, ಕೊನೆಗೆ ಪಕ್ಕದ ಮನೆಯ ಹಸು ಕರು ಹಾಕುವಾಗಲೂ ಇವರು ಹಾಜರು. ಒಂದು ಕಡ್ಡಿಯನ್ನೂ ಎತ್ತಿಡುವುದಿಲ್ಲ. "ನಾನಿವ್ನಿ ಕಣವ್ವ" ಅಂತ ಪಕ್ಕದಲ್ಲಿ ಕೂರುತ್ತಾರೆ, ಅಷ್ಟೇ.

ನನಗೆ ನಂಜನಗೂಡಿನ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿತು. ಬೆಳಗಿನ ಶಿಫ್ಟು. ಆ ಹೊತ್ತಿಗೆ ನಮ್ಮೂರಿಂದ ಬಸ್ಸಿಲ್ಲ. ಸ್ಕೂಟರ್ ಲೈಸೆನ್ಸ್ ಆಗದಿದ್ದರೆ ಆ ಕೆಲಸಕ್ಕೆ ಎಳ್ಳುನೀರು ಬಿಟ್ಟಂತೆಯೇ. ಕಲಿಯಲು ಹೊರಟರೆ ಅತ್ತೆ ಸೆರಗು ಸಿಕ್ಕಿಸಿ ಹಿಂದೆ ಹತ್ತಿಯೇಬಿಟ್ಟರು. ಕೆರೆ ಏರಿ, ಗದ್ದೆ ಬದಿ, ಒಮ್ಮೆ ತಿಪ್ಪೆಯ ಮೇಲೂ ಹೋದೆವು. ಬಿದ್ದರೂ ಅದೇ ಮಾತು, "ನಾನಿವ್ನಿ ಕಣವ್ವ."

ಟೆಸ್ಟಿನ ದಿನ ನನ್ನ ಗಂಡ ನಂಜೇಶ್ ಸ್ಕೂಟರನ್ನು ಮೈದಾನಕ್ಕೆ ತಂದಿಟ್ಟು ಕೆಲಸಕ್ಕೆ ಹೋದ. "ತೇಜಸ್ವಿನಿ" ಎಂದು ನನ್ನ ಹೆಸರು ಕೂಗಿದ್ದೇ ತಡ, ಅತ್ತೆ ಹಿಂದೆ ಹತ್ತಿ ಕೂತರು.

"ಯಾರಮ್ಮ ನೀವು?" ಇನ್ಸ್‌ಪೆಕ್ಟರ್ ಕಣ್ಣರಳಿಸಿದರು.

"ಒತ್ತಾಸೆಗೆ ಬಂದಿವ್ನಿ ಸಾ."

"ಅವರೊಬ್ಬರೇ ಓಡಿಸಬೇಕಮ್ಮ."

"ಓಡ್ಸೋಳು ಅವ್ಳೇ ಕಣ ಸಾ. ನಾ ಸುಮ್ಕೆ ಕೂತಿರ್ತೀನಿ. ಒತ್ತಾಸೆ ಅಂದ್ರೆ ಅಷ್ಟೇಯ."

ಇಳಿಸಿಬಿಟ್ಟರು. ಹಿಂದೆ ಅತ್ತೆಯ ಭಾರವಿಲ್ಲದೆ ನಾನು ಒಂದು ಗಜವೂ ಓಡಿಸಿದವಳಲ್ಲ. ಹೊರಟ ತಕ್ಷಣ ಸ್ಕೂಟರ್ ಓಲಾಡಿತು. ಇನ್ನೇನು ಕಾಲು ನೆಲಕ್ಕೂರಬೇಕು, ಅಷ್ಟರಲ್ಲಿ ಮೈದಾನವೇ ಬೆಚ್ಚುವಂತೆ ಕೂಗು: "ನಾನಿವ್ನಿ ಕಣವ್ವಾ!"

ಸರದಿಯಲ್ಲಿದ್ದವರೆಲ್ಲ ನಕ್ಕರು. ನನಗೂ ನಗು ಬಂತು. ನಗುತ್ತಲೇ ಎಂಟು ಹಾಕಿ ಬಂದೆ. ಪಾಸು!

"ಕೂತ್ಕಳಿ ಅತ್ತೆ, ಊರ್ಗೋಗವ," ಎಂದೆ ಜಂಬದಿಂದ.

ಅತ್ತೆ ಹಿಂದೆ ಸರಿದರು. "ಅಯ್ಯೋ, ನಾ ಬಸ್ಸಲ್ ಬತ್ತೀನಿ. ಸ್ಕೂಟ್ರು ಅಂದ್ರೆ ನಂಗೆ ಜೀವ ಬಾಯಿಗ್ ಬತ್ತದೆ."

"ಮತ್ತೆ ಇಷ್ಟು ದಿನ ಕೂತಿದ್ರಲ್ಲ?"

"ಕಣ್ ಮುಚ್ಕಂಡು ಕೂತಿದ್ದೆ. ನಿಂಗೆ ಎದ್ರಿಕೆ ಆಗ್ಬಾರ್ದು ಅಂತ."

ನನ್ನ ಕಣ್ಣು ತುಂಬಿತು. ಈ ಮುದುಕಿಯನ್ನು ಏನು ಮಾಡಬೇಕು ಹೇಳಿ! ಕೈ ಹಿಡಿದೆಳೆದು ಕೂರಿಸಿಕೊಂಡೆ. ನನ್ನ ಸೊಂಟವನ್ನು ಉಡದಂತೆ ಹಿಡಿದರು. ಕಪಿಲೆಯ ಸೇತುವೆ ಬಂದಾಗ ಆ ಹಿಡಿತ ಇನ್ನೂ ಬಿಗಿಯಾಯಿತು.

"ಎದ್ರಬ್ಯಾಡಿ ಅತ್ತೆ, ನಾನಿವ್ನಿ," ಎಂದೆ.

"ಬಾಯ್ ಮುಚ್ಕಂಡು ಮುಂದೆ ನೋಡ್ಕಂಡ್ ಓಡ್ಸು!" ಎಂದರು, ಹಿಡಿತ ಮಾತ್ರ ಸಡಿಲಾಯಿತು.