ಮೊಟ್ಟೆ ಟ್ರೇ ಹಿಡಿದು ಬೈಕ್ ಅಂಗಡಿಗೆ

ಚಳಿಗಾಲ ಶುರುವಾಗಿ ಹದಿನೈದು ದಿನವಾಗಿತ್ತು. ಸಂಜೆ ನಾಲ್ಕಕ್ಕೇ ಬಿಸಿಲು ತಣ್ಣಗಾಗುತ್ತಿತ್ತು. ಮೊಟ್ಟೆಯಕ್ಕ ಹಿತ್ತಲ ಚಪ್ಪರದಡಿ ಮಣೆಯ ಮೇಲೆ ಕೂತು ಮರುದಿನದ ಮೊಟ್ಟೆಗಳನ್ನು ಅಣಿ ಮಾಡುತ್ತಿದ್ದಳು. ಒಂದೊಂದನ್ನೂ ಒಣಬಟ್ಟೆಯಲ್ಲಿ ಒರೆಸುವುದು, ಬೆಳಕಿಗೆ ಹಿಡಿದು ಬಿರುಕಿದೆಯೇ ನೋಡುವುದು, ಚೂಪು ತುದಿ ಕೆಳಗೆ ಮಾಡಿ ಟ್ರೇಯಲ್ಲಿಡುವುದು. ಒಂದು ಟ್ರೇಗೆ ಮೂವತ್ತು. ದಿನಕ್ಕೆ ನಾಲ್ಕು ಟ್ರೇ. ನಾಲ್ಕೂ ಹೋಗುವುದು ಹನ್ನೊಂದು ಕಿಲೋಮೀಟರ್ ಆಚೆಯ ಪೇಟೆಯ ಬೇಕರಿಗೆ.

ಅವಳ ಹಳೆಯ ಮೊಪೆಡ್ ಗೋಡೆಗೆ ಒರಗಿ ನಿಂತಿತ್ತು. ಬೆಳಿಗ್ಗೆ ಹತ್ತು ಸಲ ಒದ್ದರೆ ಒಮ್ಮೆ ಕೆಮ್ಮುತ್ತಿತ್ತು. ಕಲ್ಲುಕ್ವಾರಿಯ ಏರಿನಲ್ಲಂತೂ ಅದರ ಉಸಿರೇ ನಿಂತುಹೋಗುತ್ತಿತ್ತು. ಇಳಿದು ತಳ್ಳಬೇಕು, ಮತ್ತೆ ಒದೆಯಬೇಕು. ಅದು ಎಗರಿ ಹೊರಟ ರಭಸಕ್ಕೆ ಹಿಂದೆ ಕಟ್ಟಿದ ಟ್ರೇಗಳಲ್ಲಿ ಏನೋ ಚಟ್ ಎನ್ನುತ್ತಿತ್ತು.

ಅವತ್ತು ಬೆಳಿಗ್ಗೆ ಬೇಕರಿಯವನು ಮುಚ್ಚುಮರೆಯಿಲ್ಲದೆ ಹೇಳಿದ್ದ: “ಅಕ್ಕಾ, ನಿಮ್ಮ ಮೊಟ್ಟೆ ಬಗ್ಗೆ ನನ್ನ ತಕರಾರಿಲ್ಲ. ನಿಮ್ಮ ಗಾಡಿ ಬಗ್ಗೆ ಇದೆ. ಆರೂವರೆಗೆ ನನ್ನ ಹಿಟ್ಟು ಕಲೆಸೋ ಮೆಷಿನ್ ತಿರುಗಬೇಕು. ನೀವು ಏಳೂಕಾಲಿಗೆ ಬಂದು ಹದಿನಾಲ್ಕು ಒಡೆದದ್ದು ತೋರಿಸಿದ್ರೆ ನಾನೇನು ಮಾಡ್ಲಿ? ಈ ತಿಂಗಳು ಮುಗಿಯೋವರೆಗೆ ನೋಡ್ತೀನಿ. ಆಮೇಲೆ ಬೇರೆಯವರಿಗೆ ಹೇಳ್ತೀನಿ. ಬೇಜಾರು ಮಾಡ್ಕೋಬೇಡಿ.”

ತಿಂಗಳು ಮುಗಿಯಲು ಇನ್ನು ಹನ್ನೆರಡು ದಿನ ಉಳಿದಿತ್ತು. ಬೇಕರಿ ಕೈಬಿಟ್ಟರೆ ನೂರೆಂಬತ್ತು ಕೋಳಿಗಳಿಗೆ ಮೇವು ಹಾಕುವುದು ಹೇಗೆ? ಗಂಡ ಲಾರಿಯಲ್ಲಿ ದೂರದೂರಿಗೆ ಹೋದವನು ಬರುವುದು ತಿಂಗಳಿಗೊಮ್ಮೆ. ಅವಳು ಮೊಟ್ಟೆ ಒರೆಸುತ್ತ ಇದನ್ನೇ ಯೋಚಿಸುತ್ತಿದ್ದಳು.

ಜಗಲಿಯ ಮೇಲೆ ಅವಳ ಮಾವ ಕೂತಿದ್ದರು. ನಲವತ್ತು ವರ್ಷ ಗಾಡಿಯ ಚಕ್ರ ಮಾಡಿದ ಬಡಗಿ. ಊರಿಗೆಲ್ಲ ಚಕ್ರದಜ್ಜ. ಈಗ ಮರದ ಚಕ್ರ ಕೇಳುವವರಿಲ್ಲ. ಉಳಿ, ಗರಗಸ ಎಲ್ಲ ಮೂಲೆಯ ಗೋಣಿಚೀಲ ಸೇರಿದ್ದವು.

“ತಾತ, ಬಿ.ಪಿ. ನೋಡೋಣ, ಅಂಗಿ ತೋಳು ಮಡಚಿ.”

ಅಜ್ಜ ಬೆಚ್ಚಿಬಿದ್ದರು. ನರ್ಸಮ್ಮ ಹೆಲ್ಮೆಟ್ಟನ್ನು ಕಂಕುಳಲ್ಲಿ ಹಿಡಿದು ಮೆಟ್ಟಿಲ ಬಳಿಯೇ ನಿಂತಿದ್ದಳು.

“ಇದೇನಮ್ಮಾ, ಬೆಕ್ಕಿನ ಹಾಗೆ ಬಂದು ನಿಂತಿದ್ದೀಯ! ಬಿ.ಪಿ. ನೋಡೋಕೆ ಬಂದ್ಯಾ, ಏರಿಸೋಕೆ ಬಂದ್ಯಾ?”

“ನನ್ನ ಗಾಡಿ ಸದ್ದು ಮಾಡಲ್ಲ ತಾತ, ಕರೆಂಟಿಂದು. ತಿರುವಿನಲ್ಲಿ ಹಾರ್ನ್ ಹೊಡೀತೀನಿ. ನಿಮ್ಮನೆ ಬಾಗಿಲಲ್ಲೂ ಹೊಡೀಬೇಕಿತ್ತು, ಮರೆತೆ.”

ಮೊಟ್ಟೆಯಕ್ಕ ಕೈ ಒರೆಸಿಕೊಂಡು ಎದ್ದು ಬಂದಳು. ನರ್ಸಮ್ಮನ ಗಾಡಿಯನ್ನು ಅವಳು ಮೊದಲೂ ನೋಡಿದ್ದಳು. ಇವತ್ತು ನೋಡಿದ ರೀತಿ ಬೇರೆ. ಬೇಕರಿಯವನ ಮಾತನ್ನು ಹೇಳಿಕೊಂಡಳು.

“ನೀವೂ ಇಂಥದ್ದೇ ಯಾಕೆ ನೋಡಬಾರದು?” ಎಂದಳು ನರ್ಸಮ್ಮ. “ಎರಡು ವರ್ಷದಿಂದ ಓಡಿಸ್ತಿದ್ದೀನಿ. ಪೆಟ್ರೋಲ್ ಬಂಕಿನ ದಾರಿಯೇ ಮರೆತುಹೋಗಿದೆ.”

“ಅದು ನಿನಗೆ ಸರಿ,” ಎಂದರು ಅಜ್ಜ. “ನೀನು ಹೊರೋದು ಔಷಧಿ ಪೆಟ್ಟಿಗೆ. ಇವಳು ಹೊರೋದು ಲೋಡು. ಏರು ಹತ್ತಿದ್ರೆ ಅದು ಅಲ್ಲೇ ಕೂತುಬಿಡುತ್ತೆ. ಮಳೇಲಿ ಶಾಕ್ ಹೊಡೆಯುತ್ತೆ. ಅರ್ಧ ದಾರೀಲಿ ಬ್ಯಾಟರಿ ಮುಗಿದ್ರೆ ಕೋಳಿ ಬಂದು ತಳ್ಳುತ್ತಾ?”

ನರ್ಸಮ್ಮ ವಾದಕ್ಕಿಳಿಯಲಿಲ್ಲ. ಅಜ್ಜನ ತೋಳಿಗೆ ಪಟ್ಟಿ ಸುತ್ತುತ್ತ ಹೇಳಿದಳು: “ನನ್ನ ಮಾತು ನಂಬಬೇಡಿ ತಾತ. ಅಂಗಡಿಗೆ ಹೋಗಿ ನೋಡಿ. ನೋಡೋದಕ್ಕೆ ಯಾರೂ ದುಡ್ಡು ಕೇಳಲ್ಲ. ಅಕ್ಕಾ, ಬರಿಗೈಲಿ ಹೋಗಬೇಡಿ, ಒಂದು ಟ್ರೇ ಮೊಟ್ಟೆ ತಗೊಂಡು ಹೋಗಿ.”

“ಅಂಗಡಿಯವನಿಗೆ ಕೊಡೋಕಾ?”

“ಗಾಡಿಗೆ ಕಟ್ಟಿ ನೋಡೋಕೆ.”

ಅಜ್ಜ ತಲೆಯೆತ್ತಿದರು. “ನಾನೂ ಬರ್ತೀನಿ,” ಎಂದರು. “ಬೇಡ ಅಂತ ಹೇಳೋಕೆ ಒಬ್ಬರು ಬೇಕಲ್ಲ.”

ಬೇಕರಿಯ ವಾರದ ರಜೆಯ ದಿನ ಮಾವ, ಸೊಸೆ ಬಸ್ಸು ಹತ್ತಿದರು. ಸೊಸೆಯ ಮಡಿಲಲ್ಲಿ ಟ್ರೇ. ಕಂಡಕ್ಟರ್ ಅದಕ್ಕೂ ಟಿಕೆಟ್ ಕೊಡಲೇ ಎಂದು ಕೇಳಿದ. “ಮೂವತ್ತು ಅರ್ಧ ಟಿಕೆಟ್ ಕೊಡಪ್ಪಾ, ಇನ್ನೂ ಹುಟ್ಟಿಲ್ಲ ಅವು,” ಎಂದರು ಅಜ್ಜ. ಬಸ್ಸೆಲ್ಲ ನಕ್ಕಿತು.

ಬೈಕ್ ಅಂಗಡಿ ಪೇಟೆಯ ಕೊನೆಯ ಬೀದಿಯಲ್ಲಿತ್ತು. ಮೊದಲು ಅಲ್ಲಿ ರೇಡಿಯೊ ರಿಪೇರಿ ನಡೆಯುತ್ತಿತ್ತು. ಮಾಲೀಕನನ್ನು ಜನ ಈಗಲೂ ರೇಡಿಯೊ ಅಣ್ಣ ಎಂದೇ ಕರೆಯುತ್ತಿದ್ದರು. ಒಳಗೆ ಹೊಸ ರಬ್ಬರಿನ ವಾಸನೆ. ಎಣ್ಣೆಯ ಕಲೆಯಿಲ್ಲದ ನೆಲ. ಬಾಗಿಲ ಬಳಿ ಮಿರುಗುವ ಸ್ಕೂಟರ್‌ಗಳು, ನಡುವೆ ತುಳಿಯಲೂ ಬರುವ, ಕರೆಂಟಿನಲ್ಲೂ ಓಡುವ ಸೈಕಲ್‌ಗಳು, ಗೋಡೆಯ ಬದಿಗೆ ಮಂದಗತಿಯ ಪುಟ್ಟ ಗಾಡಿಗಳು. ಎಲ್ಲಕ್ಕಿಂತ ಹಿಂದೆ, ಕಬ್ಬಿಣದ ಕ್ಯಾರಿಯರ್ ಹೊತ್ತ ಬೂದು ಬಣ್ಣದ ಎರಡು ಗಾಡಿಗಳು ಯಾರ ಕಣ್ಣಿಗೂ ಬೀಳದ ಹಾಗೆ ನಿಂತಿದ್ದವು.

ರೇಡಿಯೊ ಅಣ್ಣ ಇಬ್ಬರಿಗೂ ಸ್ಟೂಲು ಹಾಕಿದ. ಟ್ರೇಯನ್ನು ಒಮ್ಮೆ ನೋಡಿದ. “ಅಕ್ಕಾ, ಮೊದಲು ನಾನು ನಾಲ್ಕು ಮಾತು ಕೇಳ್ತೀನಿ. ದಿನಕ್ಕೆ ಎಷ್ಟು ದೂರ ಓಡಿಸ್ತೀರಿ? ಎಷ್ಟು ಭಾರ? ದಾರೀಲಿ ಏರಿದೆಯಾ? ಮನೇಲಿ ಅರ್ಥಿಂಗ್ ಇರೋ ಮೂರು ಪಿನ್ನಿನ ಪ್ಲಗ್ ಇದೆಯಾ?”

ಅವಳು ಒಂದೊಂದಕ್ಕೂ ಉತ್ತರ ಹೇಳಿದಳು. ಹೋಗಿ ಬರಲು ಇಪ್ಪತ್ತೆರಡು ಕಿಲೋಮೀಟರ್. ನಾಲ್ಕು ಟ್ರೇ, ಕೆಲವೊಮ್ಮೆ ಬರುವಾಗ ಒಂದು ಮೇವಿನ ಚೀಲ. ಏರು ಕ್ವಾರಿಯದ್ದು. ಪ್ಲಗ್ ಅಡುಗೆಮನೆಯಲ್ಲಿದೆ.

ಹೇಳುತ್ತಿದ್ದರೂ ಅವಳ ಕಣ್ಣು ಬಾಗಿಲ ಬಳಿಯ ಕೆಂಪು ಸ್ಕೂಟರ್ ಮೇಲಿತ್ತು. ಹಾಡು ಹಾಕಬಹುದಂತೆ, ದಾರಿ ತೋರಿಸುವ ಪರದೆಯಿದೆಯಂತೆ. ಅಂಗಡಿಯ ಮುಂದಿನ ನುಣುಪು ಟಾರು ರಸ್ತೆಯಲ್ಲಿ ಅದನ್ನು ಒಂದು ಸುತ್ತು ಓಡಿಸಿ ಬಂದಳು. ಮುಖವೆಲ್ಲ ಬೆಳಗಿತ್ತು.

“ಮಾವ, ನೀರಿನ ಮೇಲೆ ಹೋದ ಹಾಗಿದೆ! ಇದೇ ಇರಲಿ.”

ಅಜ್ಜ ಸ್ಟೂಲಿನಿಂದೇಳಲಿಲ್ಲ. “ನಮ್ಮನೆ ಈ ಬೀದೀಲಿದೆಯೇನಮ್ಮಾ?”

ಅವಳು ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ ಇಳಿದಳು.

“ಕಂಪನಿಯವರು ತೊಂಬತ್ತು ಕಿಲೋಮೀಟರ್ ಅಂತ ಬರೆದಿದ್ದಾರೆ,” ಎಂದ ರೇಡಿಯೊ ಅಣ್ಣ, “ಆದ್ರೆ ಅದು ಒಬ್ಬರೇ ಕೂತು, ಸಮ ರಸ್ತೇಲಿ, ನಿಧಾನಕ್ಕೆ ಹೋದಾಗ. ನಿಮ್ಮ ಭಾರ, ನಿಮ್ಮ ಏರು ಸೇರಿದ್ರೆ ಅರವತ್ತು ಅಂತ ಇಟ್ಕೊಳ್ಳಿ. ಅಜ್ಜ ಹೇಳೋದು ಸರಿ. ಕ್ವಾರಿ ಇಲ್ಲಿಂದ ಮೂರೇ ಕಿಲೋಮೀಟರ್. ಅಲ್ಲೇ ಓಡಿಸಿ ನೋಡಿ.”

ಟ್ರೇಗೆ ಇನ್ನೊಂದು ಖಾಲಿ ಟ್ರೇ ಮುಚ್ಚಿ ಕೆಂಪು ಸ್ಕೂಟರಿಗೆ ಕಟ್ಟಿದರು. ಹೆಲ್ಮೆಟ್ ಹಾಕಿಕೊಂಡು ಮೊಟ್ಟೆಯಕ್ಕ ಮುಂದೆ ಹೋದಳು. ರೇಡಿಯೊ ಅಣ್ಣ ಅಜ್ಜನನ್ನು ಬೂದು ಗಾಡಿಯ ಹಿಂದೆ ಕೂರಿಸಿಕೊಂಡು ಬಂದ.

ಏರಿನಲ್ಲಿ ಲಾರಿಗಳು ಚೆಲ್ಲಿದ ಜಲ್ಲಿ ಹರಡಿತ್ತು. ಕೆಂಪು ಸ್ಕೂಟರ್ ಹತ್ತಿತು, ನಿಲ್ಲಲಿಲ್ಲ. ಆದರೆ ಪ್ರತಿ ಗುಂಡಿಯಲ್ಲೂ ಧಡಕ್ಕೆಂದು ಬಿದ್ದೆದ್ದು ಹೋಯಿತು. ಮೇಲೆ ಟ್ರೇ ಬಿಚ್ಚಿದಾಗ ಐದು ಒಡೆದಿದ್ದವು.

ಅಜ್ಜ ಒಡೆದ ಮೊಟ್ಟೆಗಳನ್ನು ನೋಡಲಿಲ್ಲ, ಚಕ್ರವನ್ನು ನೋಡಿದರು. ಕುಕ್ಕರಗಾಲಲ್ಲಿ ಕೂತು ಗೇಣು ಹಾಕಿ ಅಳೆದರು. ಆಮೇಲೆ ಬೂದು ಗಾಡಿಯದನ್ನೂ ಅಳೆದರು. ಎಷ್ಟೋ ದಿನಗಳ ಮೇಲೆ ಅವರ ಕೈಗೆ ಕೆಲಸ ಸಿಕ್ಕಿತ್ತು.

“ನೋಡಮ್ಮಾ, ಸಣ್ಣ ಚಕ್ರ ಗುಂಡಿಯೊಳಗೆ ಇಳಿಯುತ್ತೆ, ದೊಡ್ಡದು ಮೇಲಿಂದ ದಾಟುತ್ತೆ. ನಲವತ್ತು ವರ್ಷ ನಾನು ಮಾಡಿದ್ದು ಇದನ್ನೇ. ಈ ಕೆಂಪುದಕ್ಕೆ ಬಣ್ಣ ಚೆನ್ನಾಗಿದೆ, ಕಾಲು ಗಿಡ್ಡ. ಆ ಬೂದುದನ್ನು ನೋಡು.”

“ಮಾವ, ನೀವು ಬೇಡ ಅನ್ನೋಕೆ ಬಂದವರಲ್ವಾ?”

“ಇನ್ನೂ ಬೇಡ ಅಂತಾನೇ ಅಂತಿದ್ದೀನಿ. ಏರು ಇಳಿದು ಕೆಳಗೆ ಬಾ. ಬೂದುದನ್ನು ನೀನು ಓಡಿಸು, ಹಿಂದೆ ನಾನು ಕೂರ್ತೀನಿ, ಟ್ರೇ ನನ್ನ ತೊಡೆ ಮೇಲಿರಲಿ. ನಾನು ಮೂರು ಮೇವಿನ ಚೀಲಕ್ಕಿಂತ ಭಾರ ಇದ್ದೀನಿ. ನನ್ನನ್ನು ಹೊತ್ತರೆ ಏನನ್ನಾದರೂ ಹೊರುತ್ತೆ.”

ಉಳಿದ ಇಪ್ಪತ್ತೈದು ಮೊಟ್ಟೆಗಳ ಟ್ರೇ ಅಜ್ಜನ ತೊಡೆಯೇರಿತು. ಮೊಟ್ಟೆಯಕ್ಕ ಹಿಡಿಕೆ ತಿರುಗಿಸಿದಳು. ಬೂದು ಗಾಡಿ ಸದ್ದಿಲ್ಲದೆ ಏರು ಹಿಡಿಯಿತು. ಜಲ್ಲಿ ಚಕ್ರದಡಿ ಗರಗರ ಎನ್ನುವುದು ಮಾತ್ರ ಕೇಳುತ್ತಿತ್ತು. ಅರ್ಧ ಏರಿನಲ್ಲಿ, ಮೊಪೆಡ್ ಯಾವಾಗಲೂ ಉಸಿರು ಬಿಡುತ್ತಿದ್ದ ಬೇವಿನ ಮರದ ಹತ್ತಿರ, ಅವಳ ಕಾಲು ಅಭ್ಯಾಸಬಲದಿಂದ ನೆಲಕ್ಕಿಳಿಯಿತು. ಗಾಡಿ ನಿಲ್ಲಲಿಲ್ಲ. ಅವಳು ಕಾಲನ್ನು ಮತ್ತೆ ಮೇಲಿಟ್ಟುಕೊಂಡಳು.

ಮೇಲೆ ತಲುಪಿ ಟ್ರೇ ಮುಚ್ಚಳ ತೆಗೆದರು. ಒಂದು ಮೊಟ್ಟೆ ಒಡೆದಿತ್ತು, ಮೂಲೆಯದು.

ಮೊಟ್ಟೆಯಕ್ಕನ ಮುಖ ಬಾಡಿತು.

ಅಜ್ಜ ತಮ್ಮ ಬಲಗೈಯನ್ನು ಎತ್ತಿ ಹಿಡಿದರು. ಹೆಬ್ಬೆರಳಿಗೆ ಹಳದಿ ಅಂಟಿತ್ತು. “ಇದು ಗಾಡಿ ಒಡೆದದ್ದಲ್ಲ,” ಎಂದರು. “ಹಿಂದಕ್ಕೆ ಬಿದ್ದುಬಿಡ್ತೀನಿ ಅಂತ ಹೆದರಿ ನಾನೇ ಮುಚ್ಚಳದ ಸಂದಿಯಲ್ಲಿ ಬೆರಳು ತೂರಿಸಿ ಒತ್ತಿದ್ದು. ನಿಮ್ಮ ಮುಂದೆ ಸುಳ್ಳು ಹೇಳಬಹುದಿತ್ತು. ಈ ಬೆರಳು ಬಿಡಬೇಕಲ್ಲ!”

ಮೂವರೂ ಏರಿನ ತುದಿಯಲ್ಲಿ ನಿಂತು ಮನಸಾರೆ ನಕ್ಕರು.

ಅಂಗಡಿಗೆ ಮರಳಿದ ಮೇಲೆ ಅಜ್ಜನ ಪ್ರಶ್ನೆಗಳು ಶುರುವಾದವು. ಮಳೆಯಲ್ಲಿ?

“ಮಳೇಲಿ ಓಡಿಸಬಹುದು ಅಜ್ಜ, ಶಾಕ್ ಹೊಡೆಯಲ್ಲ. ಹಳ್ಳದ ನೀರಲ್ಲಿ ಮುಳುಗಿಸಬೇಡಿ. ಒದ್ದೆ ಕೈಲಿ ಪ್ಲಗ್ ಮುಟ್ಟಬೇಡಿ.”

“ಬ್ಯಾಟರಿ ಸತ್ತರೆ?”

“ಮೂರು ವರ್ಷ ವಾರಂಟಿ. ಏನಕ್ಕೆ ಇದೆ, ಏನಕ್ಕೆ ಇಲ್ಲ ಅಂತ ಈ ಕಾಗದದಲ್ಲಿದೆ. ಓದಿಸಿಕೊಂಡೇ ಸಹಿ ಹಾಕಿ. ರಿಪೇರಿ ಇಲ್ಲೇ ಮಾಡ್ತೀನಿ.”

“ಬಾಯಿಮಾತು ಬೇಡ. ಅದನ್ನೂ ಬರೆದುಕೊಡು.”

ರೇಡಿಯೊ ಅಣ್ಣ ನಗುತ್ತ ಬರೆದುಕೊಟ್ಟ. ಆಮೇಲೆ ಚಾರ್ಜರನ್ನು ಮೊಟ್ಟೆಯಕ್ಕನಿಗೆ ತೋರಿಸಿ, ಮುಖದ ನಗುವನ್ನು ಪಕ್ಕಕ್ಕಿಟ್ಟು ಹೇಳಿದ: “ಅಕ್ಕಾ, ಇದೊಂದು ಮಾತು ಮರೀಬೇಡಿ. ಈ ಗಾಡಿಗೆ ಇದೇ ಚಾರ್ಜರ್. ಕಡಿಮೆಗೆ ಸಿಕ್ತು ಅಂತ ಬೇರೆ ತರಬೇಡಿ. ಓಡಿಸಿ ಬಂದ ಕೂಡಲೇ ಚಾರ್ಜಿಗೆ ಹಾಕಬೇಡಿ, ಅರ್ಧ ಗಂಟೆ ತಣ್ಣಗಾಗಲಿ. ಮಲಗೋ ಕೋಣೇಲಿ ಬೇಡ, ಒಲೆ ಹತ್ತಿರ ಬೇಡ, ಒಣಹುಲ್ಲಿನ ಹತ್ತಿರ ಬೇಡವೇ ಬೇಡ. ಮೇಲೆ ಗೋಣಿ ಹೊದಿಸಬೇಡಿ. ಎಚ್ಚರ ಇದ್ದಾಗಲೇ ಹಾಕಿ, ತುಂಬಿದ ಮೇಲೆ ತೆಗೀರಿ.”

“ಅಡುಗೆಮನೆ ಪ್ಲಗ್ ಆಗಲ್ಲ ಅನ್ನಿ.”

“ಆಗಲ್ಲ. ಲೈನ್‌ಮನ್‌ಗೆ ಹೇಳಿ ಜಗಲೀಲಿ ಒಂದು ಹಾಕಿಸಿ, ಅರ್ಥಿಂಗ್ ಸಮೇತ.”

ಅವಳು ಅವತ್ತೇ ಗಾಡಿ ಕೊಳ್ಳಲಿಲ್ಲ. ಇನ್ನೊಂದು ಅಂಗಡಿಯಲ್ಲೂ ವಿಚಾರಿಸಿದಳು. ಗಂಡನಿಗೆ ಫೋನ್ ಮಾಡಿದಳು. ಈ ಗಾಡಿಗೆ ಲೈಸೆನ್ಸು, ನೋಂದಣಿ, ವಿಮೆ ಏನೇನು ಬೇಕೆಂದು ಕೇಳಿ ತಿಳಿದುಕೊಂಡಳು. ಮೊಪೆಡ್ಡಿನ ಲೈಸೆನ್ಸು ಅವಳ ಬಳಿ ಇತ್ತು. ನಾಲ್ಕನೇ ದಿನ ಮಹಿಳಾ ಸಂಘದಲ್ಲಿಟ್ಟ ಉಳಿತಾಯ ತೆಗೆದು ಬೂದು ಗಾಡಿಯನ್ನೇ ಗೊತ್ತು ಮಾಡಿದಳು. ಇನ್ನೆರಡು ದಿನದಲ್ಲಿ ಮನೆಗೆ ಬರುತ್ತದೆ ಎಂದಾಯಿತು.

ಆ ಎರಡು ದಿನ ಜಗಲಿಯಿಂದ ಗರಗಸದ ಸದ್ದು ಬರುತ್ತಿತ್ತು. ಕೇಳಿದರೆ ಅಜ್ಜ, “ನಿನ್ನ ಕೆಲಸ ನೀನು ನೋಡ್ಕೋ,” ಎನ್ನುತ್ತಿದ್ದರು.

ಗಾಡಿ ಬಂದ ಸಂಜೆ ಅವರು ಗೋಣಿ ಸರಿಸಿ ತೋರಿಸಿದರು. ಹಗುರ ಹಲಗೆಯ ಪೆಟ್ಟಿಗೆ. ನಾಲ್ಕು ಟ್ರೇ ಹಿಡಿಯುವ ನಾಲ್ಕು ಅಂತಸ್ತು. ಪ್ರತಿ ಅಂತಸ್ತಿಗೂ ಮೊಪೆಡ್ಡಿನ ಹಳೆಯ ಟ್ಯೂಬು ಕತ್ತರಿಸಿ ಹಾಸಿದ ಮೆತ್ತೆ. ಕ್ಯಾರಿಯರ್ ಮೇಲಿಟ್ಟರೆ ಅಳತೆ ತೆಗೆದು ಹೊಲಿಸಿದ ಅಂಗಿಯ ಹಾಗೆ ಕೂತಿತು. ಕ್ವಾರಿ ಏರಿನಲ್ಲಿ ಅಜ್ಜ ಹಾಕಿದ ಗೇಣು ಚಕ್ರಕ್ಕೆ ಮಾತ್ರವಾಗಿರಲಿಲ್ಲ.

ಮೊಟ್ಟೆಯಕ್ಕ ಪೆಟ್ಟಿಗೆಯ ಅಂಚನ್ನು ಸವರಿದಳು. ಐದು ವರ್ಷದ ಹಿಂದೆ ಹನ್ನೆರಡು ಕೋಳಿಗಳೊಡನೆ ಈ ಕೆಲಸ ಶುರು ಮಾಡಿದಾಗ, “ಮೊಟ್ಟೆಗೊಂದು ಪೆಟ್ಟಿಗೆ ಮಾಡಿಕೊಡ್ತೀನಿ,” ಎಂದು ಮಾವ ಮಾತು ಕೊಟ್ಟಿದ್ದರು. ಅವಳು ಒಮ್ಮೆಯೂ ನೆನಪಿಸಿರಲಿಲ್ಲ.

“ನೆನಪಿತ್ತಾ ಮಾವ?”

“ದಿನಾ ಬೆಳಿಗ್ಗೆ ನೀನು ಟ್ರೇಗೆ ಹಗ್ಗ ಬಿಗಿಯೋದು ನೋಡ್ತಿದ್ದೆನಲ್ಲ, ಮರೆಯೋದು ಹೇಗೆ? ನಾಲ್ಕು ದಿನ ಕೋಳಿ ಸಾಕಿ ಬಿಟ್ಟುಬಿಡ್ತೀಯ ಅಂದ್ಕೊಂಡಿದ್ದೆ. ಆಮೇಲೆ ಕೊಡೋಕೆ ನಾಚಿಕೆಯಾಯ್ತು.” ಅಜ್ಜ ಉಳಿಯನ್ನು ಒರೆಸಿ ಕೆಳಗಿಟ್ಟರು. “ತಗೋ. ನನ್ನ ಬಾಕಿ ತೀರಿತು.”

ಮರುದಿನ ಬೆಳಿಗ್ಗೆ ಬೇಕರಿಯವನು ಪೆಟ್ಟಿಗೆ ತೆರೆದು ಟ್ರೇಗಳನ್ನು ಒಂದೊಂದಾಗಿ ಈಚೆಗೆಳೆದ. ನೂರಿಪ್ಪತ್ತೂ ಇಡಿಯಾಗಿದ್ದವು. ಗೋಡೆಯ ಗಡಿಯಾರ ನೋಡಿದ. ಆರು ಹತ್ತು. “ನೀವು ಬಂದದ್ದೇ ಗೊತ್ತಾಗಲಿಲ್ಲವಲ್ಲ ಅಕ್ಕಾ,” ಎಂದ. “ಮುಂದಿನ ತಿಂಗಳಿಂದ ಐದು ಟ್ರೇ ಆಗುತ್ತಾ?”

“ನಮ್ಮ ಮಾವನನ್ನು ಕೇಳಬೇಕು,” ಎಂದಳು ಮೊಟ್ಟೆಯಕ್ಕ. “ಪೆಟ್ಟಿಗೇಲಿ ಅಂತಸ್ತು ನಾಲ್ಕೇ ಇರೋದು.”

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಹೊರೆ ಮೊಟ್ಟೆಯೇ ಆಗಬೇಕಿಲ್ಲ. ಹಾಲಿನ ಕ್ಯಾನ್ ಇರಬಹುದು, ಬಟ್ಟೆಯ ಗಂಟಿರಬಹುದು, ಶಾಲೆಗೆ ಬಿಡಬೇಕಾದ ಮಕ್ಕಳಿರಬಹುದು. ಕರೆಂಟಿನ ಗಾಡಿ ಕೊಳ್ಳುವ ಯೋಚನೆಯಿದ್ದರೆ ಆ ಹೊರೆಯನ್ನು ಜೊತೆಗೇ ಅಂಗಡಿಗೆ ಒಯ್ಯಿರಿ. ಬಣ್ಣ ನೋಡುವ ಮೊದಲು ಚಕ್ರ ನೋಡಿ. ಅಂಗಡಿಯ ಮುಂದಿನ ರಸ್ತೆಯಲ್ಲಲ್ಲ, ನಿಮ್ಮ ದಾರಿಯಂಥ ದಾರಿಯಲ್ಲಿ ಓಡಿಸಿ ನೋಡಿ. ಬ್ಯಾಟರಿಯ ಮಾತನ್ನು ಬರಹದಲ್ಲಿ ಪಡೆಯಿರಿ. ಚಾರ್ಜ್ ಮಾಡುವಾಗ ರೇಡಿಯೊ ಅಣ್ಣನ ಎಚ್ಚರಿಕೆ ನೆನಪಿರಲಿ, ತಲೆಗೆ ಹೆಲ್ಮೆಟ್ ಇರಲಿ, ಸದ್ದಿಲ್ಲದ ಗಾಡಿಯಾದ್ದರಿಂದ ತಿರುವಿನಲ್ಲಿ ಹಾರ್ನ್ ಇರಲಿ. ಮನೆಯಲ್ಲಿ ಬೇಡ ಎನ್ನುವ ಹಿರಿಯರಿದ್ದರೆ ಅವರನ್ನು ಬಿಟ್ಟು ಹೋಗಬೇಡಿ. ಕೇಳಬೇಕಾದ ಪ್ರಶ್ನೆಗಳೆಲ್ಲ ಇರುವುದು ಅವರ ಹತ್ತಿರವೇ. ಅಂಗಡಿಗೆ ಹೋಗುವಾಗ ಮೊದಲು ಅವರನ್ನೇ ಹೊರಡಿಸಿ.