ಎರಡು ಬೆರಳು

ಸಾಸೇಜ್ ಸುಡುವ ಹೊಗೆ ಮತ್ತೆ ಈ ಕಡೆಗೇ ತಿರುಗಿತು, ಅಂದರೆ ಗಾಳಿ ಈಗ ನದಿಯ ಕಡೆಯಿಂದ, ಇನ್ನು ಎಸೆದ ಚೆಂಡೆಲ್ಲ ಎಡಕ್ಕೆ ಎಳೆದುಕೊಂಡು ಹೋಗುತ್ತದೆ, ಯಾರಿಗಾದರೂ ಹೇಳಬೇಕು, ಆದರೆ ಯಾರು ಕೇಳಿದರು ನನ್ನನ್ನು, ಗೆರೆಯ ಆಚೆ ನಿಂತು ಆಟ ಬರೆದುಕೊಳ್ಳುವ ಹಲಗೆ ಹಿಡಿದುಕೊಳ್ಳುವುದಷ್ಟೇ ನನ್ನ ಕೆಲಸ, ಬೆನ್ನ ಮೇಲೆ ಹಟ್ಚೆನ್ಸ್ ಅಂತ ಮಂಗಳವಾರ ಅವಸರದಲ್ಲಿ ಹೊಲಿದ ಹೆಸರು, ಒಂದು ಮೂಲೆ ಆಗಲೇ ಬಿಚ್ಚಿಕೊಂಡು ಕತ್ತಿಗೆ ಚುಚ್ಚುತ್ತಿದೆ — ಹನ್ನೊಂದು ವರ್ಷ, ಒಂಬತ್ತು ಊರು, ಮಿಡ್‌ಲ್ಯಾಂಡ್ ಫುಟ್‌ಬಾಲ್ ಲೀಗಿನಲ್ಲಿ ನಾನು ಕೂರದ ಬೆಂಚಿಲ್ಲ, ಕ್ವಾರ್ಟರ್‌ಬ್ಯಾಕ್ ಅಂತ ಹೆಸರು, ಚೆಂಡು ಎಸೆದು ಆಟ ನಡೆಸುವವನು, ಆಡಿದ್ದಕ್ಕಿಂತ ಕೂತದ್ದೇ ಹೆಚ್ಚು, ಈಗ ಟೊಲೀಡೊ, ಎದುರಿಗೆ ಡುಲೂತ್‌ನವರು, ಹತ್ತು ದಿನದ ಹಿಂದಿನವರೆಗೂ ನನ್ನವರೇ, ಅವರ ಕ್ವಾರ್ಟರ್‌ಬ್ಯಾಕ್ ಆ ಉದ್ದ ಕತ್ತಿನ ಮಾರ್ಕೆಲ್ ಓಡಮ್, ಇಪ್ಪತ್ತಮೂರು ವಯಸ್ಸು, ನನ್ನನ್ನು ತಾತ ಅಂತ ಕರೆಯುವ ಕತ್ತೆ, ಎರಡು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು ಕಲಿಸಿದ್ದೇನೆ — ಅವನೇ ಈಗ ಬಿದ್ದು ಏಳಲು ತಡ ಮಾಡಿದ, ಎದ್ದ, ಎಡಗೈ ಪಕ್ಕೆಯ ಮೇಲಿದೆ, ಏನೂ ಆಗಿಲ್ಲ ಅನ್ನುವ ಹಾಗೆ ತಲೆ ಆಡಿಸುತ್ತಾನೆ, ಆಗಿದೆ, ನನಗೆ ಗೊತ್ತು, ಆ ನೋವು ನನ್ನ ಪಕ್ಕೆಯಲ್ಲೂ ಇದೆ. ನಮ್ಮವರು ಅವನನ್ನು ಕೆಡವಿದ್ದು ಇದು ನಾಲ್ಕನೆಯ ಸಲ.

ಅವರಿಗೆ ಬೇಕಾಗಿರೋದು ನಿನ್ನ ತೋಳಲ್ಲ ಲೈಲ್, ನಿನ್ನ ಬಾಯಿ, ಅಂದಳು ಲೊರೆಟ್ಟಾ, ಟೊಲೀಡೊದವರು ಕರೆದ ದಿನ ನಾನು ಫೋನ್ ಇಡುವುದರೊಳಗೇ ನನ್ನ ಚೀಲಕ್ಕೆ ಬಟ್ಟೆ ತುಂಬುತ್ತ, ಹೆಂಡತಿಗೂ ಗೊತ್ತು, ಲೀಗಿಗೆಲ್ಲ ಗೊತ್ತು, ಭಾನುವಾರದ ಎದುರಾಳಿ ಬಿಟ್ಟುಹಾಕಿದವನನ್ನು ಮಂಗಳವಾರ ಕರೆಸಿಕೊಳ್ಳುವುದು ಆಡಿಸಲು ಅಲ್ಲ, ಹೋಗದೆ ಏನು ಮಾಡಲಿ, ಮೂವತ್ತೈದಾಯಿತು, ಇಲ್ಲಿಂದಲೂ ಕಳಿಸಿದರೆ ಇನ್ನು ಯಾರೂ ಕರೆಯುವುದಿಲ್ಲ, ಅಲ್ಲಿಗೆ ಮುಗಿಯಿತು, ಆಮೇಲೆ ನಾನು ಯಾರು ಅಂತ ನನಗೇ ಗೊತ್ತಿಲ್ಲ — ಕ್ರೂಸ್‌ನ ಕೋಣೆಯಲ್ಲಿ ಸೀದ ಕಾಫಿಯ ವಾಸನೆ, ಗೋಡೆಯ ಮೇಲೆ ಓಡಮ್‌ನ ಚಿತ್ರ ಹಿಂದಕ್ಕೂ ಮುಂದಕ್ಕೂ ಓಡುತ್ತಿತ್ತು, ರಕ್ಷಣೆಯ ಕೋಚ್ ಈ ಕ್ರೂಸ್, ಒಳ್ಳೆಯ ಮಾತಿನಲ್ಲೇ ಹೇಳಿದ, ನೋಡಪ್ಪಾ, ಬಾಯಿ ಬಿಟ್ರೆ ಸೀಸನ್ ಮುಗಿಯೋವರ್ಗೂ ಇಲ್ಲೇ ಇರ್ತೀಯ, ಇಲ್ಲಾಂದ್ರೆ ಸೋಮವಾರ ನಿನ್ ಚೀಲ ಬಾಗಿಲ ಹತ್ರ ಇರುತ್ತೆ. ಡುಲೂತ್‌ನವರ ಸನ್ನೆಗಳನ್ನು ಹೇಳಿದೆ, ಎಣಿಕೆ ಹೇಳಿದೆ, ಅದರಲ್ಲೇನು, ಎಲ್ಲರೂ ಹೇಳುತ್ತಾರೆ. ಓಡಮ್ ಬಗ್ಗೆ, ಅಂದ. ಚೆಂಡನ್ನು ಎಸೆಯುತ್ತಾನೋ, ಪಕ್ಕದವನ ಹೊಟ್ಟೆಗೆ ತುರುಕಿ ಓಡಿಸುತ್ತಾನೋ, ಕ್ವಾರ್ಟರ್‌ಬ್ಯಾಕ್‌ನ ಬದುಕೆಲ್ಲ ಈ ಎರಡರ ಗುಟ್ಟಿನ ಮೇಲೆ ನಿಂತಿದೆ, ಅದು ಮೊದಲೇ ಗೊತ್ತಾದರೆ ಮುಗಿಯಿತು, ಎದುರಿನವರು ನೇರ ಬಂದು ಮೂಳೆ ಮುರಿಯುತ್ತಾರೆ — ಕಾಫಿ ತಣ್ಣಗಾಯಿತು, ಕೊನೆಗೆ ಅಂದೆ, ಎಸೆಯೋದಾದ್ರೆ ಮೊದ್ಲು ಎರಡು ಬೆರಳು ನೆಕ್ತಾನೆ ಕೋಚ್, ಓಡ್ಸೋದಾದ್ರೆ ನೆಕ್ಕಲ್ಲ. ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಉಗುಳು ನುಂಗಲೂ ನಾಚಿಕೆಯಾಯಿತು.

ಕ್ರೂಸ್ ನಕ್ಕುಬಿಟ್ಟ, ಹೊಟ್ಟೆ ಹಿಡಿದುಕೊಂಡು, ಅಯ್ಯೋ ಮಾರಾಯ, ಅದು ಗೊತ್ತು ಕಣೋ, ಖಚಿತ ಮಾಡ್ಕೊಳ್ಳೋಣ ಅಂತ ಕೇಳ್ದೆ ಅಷ್ಟೆ, ಅದು ಅವನ್ದಲ್ಲ, ನಿಂದು, ಅಂದ, ಬೀರುವಿನಿಂದ ಒಂದು ಹಳೆಯ ಫೈಲು ತೆಗೆದ, ಮೇಲೆ ನನ್ನ ಹೆಸರು, ನಿನ್ ಎರಡನೇ ವರ್ಷದಿಂದ ಬರ್ಕೊಂಡಿದೀವಿ, ನಮಗಷ್ಟೇ ಅಲ್ಲ, ಎಲ್ರಿಗೂ ಗೊತ್ತಿತ್ತು, ಬೆರಳು ಬಾಯಿಗೆ ಹೋದ್ರೆ ಎಸೆತ, ಎಷ್ಟು ಸುಲಭ. ಯಾರೂ ಹೇಳ್ಲೇ ಇಲ್ವಲ್ಲ ಕೋಚ್. ಯಾಕಪ್ಪಾ ಹೇಳ್ಬೇಕು, ಗೆಲ್ತಾ ಇದ್ವಲ್ಲ. ನನ್ನ ಕಡೆಯವರೂ ಹೇಳಲಿಲ್ಲ, ಅವರೇಕೆ ನೋಡುತ್ತಾರೆ, ಸ್ಟೆಪ್ನಿಗೆ ಗಾಳಿ ಇದೆಯೋ ಇಲ್ಲವೋ ಅಂತ ಯಾರಾದರೂ ದಿನಾ ನೋಡುತ್ತಾರೆಯೇ — ಡೇಟನ್‌ನಲ್ಲಿ ಭುಜ, ಒಮಾಹಾದಲ್ಲಿ ಎರಡು ಪಕ್ಕೆಲುಬು, ಚೆಂಡು ಕೈ ಬಿಡುವ ಮೊದಲೇ ಬಂದು ಅಪ್ಪಳಿಸುತ್ತಿದ್ದರು, ತೋಳೇನೋ ಚೆನ್ನಾಗಿದೆ, ತಲೆ ನಿಧಾನ ಕಣೋ ನಿಂದು, ಅಂತ ಅಪ್ಪ ಸಾಯುವವರೆಗೂ ಅಂದ, ನಾನೂ ಒಪ್ಪಿದೆ, ಲೊರೆಟ್ಟಾಗೆ ಹೇಳಿದೆ, ಡಾಕ್ಟರಿಗೆ ಹೇಳಿದೆ, ನಾನು ನಿಧಾನ, ನಾನು ನಿಧಾನ, ಹನ್ನೊಂದು ವರ್ಷ ಕನ್ನಡಿಗೆ ಹೇಳಿದೆ, ನಾನು ನಿಧಾನ ಇರಲೇ ಇಲ್ಲ. ಆ ಕೋಣೆಯಲ್ಲಿ ಅಳು ಬಂತು, ಸಿಟ್ಟೂ ಬಂತು, ಎರಡನ್ನೂ ನುಂಗಿಕೊಂಡು ಇನ್ನೊಂದು ಲೋಟ ಕಾಫಿ ಕುಡಿದೆ.

ಅದಕ್ಕಿಂತ ಕೆಟ್ಟದ್ದು ಇದು, ಡುಲೂತ್‌ನ ಆ ಆಗಸ್ಟ್, ಸರೋವರದ ಗಾಳಿಗೆ ಚರ್ಮ ಒಣಗಿ ಚೆಂಡು ಕೈಯಲ್ಲಿ ನಿಲ್ಲುತ್ತಿರಲಿಲ್ಲ, ಓಡಮ್ ಬೀಳಿಸಿ ಬೀಳಿಸಿ ಅಳುವ ಹಾಗಾಗಿದ್ದ, ನಾನೇ ತೋರಿಸಿದೆ, ಹೀಗೆ ನೋಡು, ಎರಡು ಬೆರಳು, ನಾಲಿಗೆ, ಈಗ ಹಿಡಿ — ಥೂ ತಾತ, ಎಮ್ಮೆ ಥರ ನೆಕ್ತೀಯಲ್ಲೋ, ಅಂದ, ನೆಕ್ಕಿದ, ಎಸೆದ, ಅಬ್ಬಾ ಎಂಥ ಎಸೆತ, ಅಂದಿನಿಂದ ಅದೇ ನಮ್ಮ ನಮಸ್ಕಾರ, ಊಟದ ಸಾಲಿನಲ್ಲಿ, ಬಸ್ಸಿನ ಕಿಟಕಿಯಲ್ಲಿ, ದೂರದಿಂದ ಎರಡು ಬೆರಳು ನಾಲಿಗೆಗೆ, ಚೆನ್ನಾಗಿದೀಯಾ, ಚೆನ್ನಾಗಿದೀನಿ. ನನ್ನನ್ನು ತಿಂದ ರೋಗವನ್ನೇ ಪ್ರೀತಿಯಿಂದ ಅವನಿಗೂ ಹಚ್ಚಿದೆ. ಇವತ್ತು ಬೆಳಿಗ್ಗೆ ಮೈ ಬಿಸಿ ಮಾಡಿಕೊಳ್ಳುವಾಗ ಓಡಿ ಬಂದು ತಬ್ಬಿಕೊಂಡ, ಏನ್ ತಾತ, ಇವ್ರು ಊಟಗೀಟ ಹಾಕ್ತಾರಾ ನಿಂಗೆ, ಹೇಳಬೇಕು ಅಂತ ಬಾಯಿ ತೆರೆದೆ, ಒಂದೇ ಒಂದು ಮಾತು, ಬೆರಳು ಬಾಯಿಗೆ ಇಡ್ಬೇಡ ಕಣೋ, ಅಷ್ಟೇ, ಕ್ರೂಸ್ ಹಿಂದೆಯೇ ಕೈ ಕಟ್ಟಿ ನಿಂತಿದ್ದ, ಅಮ್ಮ ಹೇಗಿದಾರೆ, ಅಂದೆ. ಬಂದಿದಾಳೆ, ಅಗೋ ಹಳದಿ ಟೋಪಿ, ಅಂದ.

ಹಳದಿ ಟೋಪಿ ಈಗ ಎದ್ದು ನಿಂತಿದೆ. ಮಳೆ, ಅಂತ ಕೂಗುತ್ತಾನೆ ಕ್ರೂಸ್, ಬೆರಳು ಬಾಯಿಗೆ ಹೋದಾಗಲೆಲ್ಲ, ಎಸೆತ ಅಂತ ಅದರರ್ಥ, ಮಳೆ ಮಳೆ, ಆಕಾಶದಲ್ಲಿ ಒಂದು ಮೋಡವಿಲ್ಲ, ನಮ್ಮ ಮೂರು ಜನ ಗೂಳಿಗಳು ನೇರ ಅವನ ಪಕ್ಕೆಗೇ ನುಗ್ಗುತ್ತಾರೆ — ಐದನೆಯದನ್ನು ಆ ಪಕ್ಕೆ ತಡೆಯುವುದಿಲ್ಲ, ತಡೆಯುವುದಿಲ್ಲ, ಹಾಳಾಗಿ ಹೋಗಲಿ ಸೀಸನ್ನು, ಲೊರೆಟ್ಟಾ ಬೈಯಲಿ, ಹಲಗೆ ಕೆಳಗಿಟ್ಟೆ, ಗೆರೆಯ ಅಂಚಿಗೆ ಬಂದೆ, ಏಯ್ ಹಟ್ಚೆನ್ಸ್, ಎಲ್ಲಿಗೆ, ಹಿಂದೆ ಬಾ, ಕ್ರೂಸ್ ಕಿರುಚುತ್ತಾನೆ, ಕಿರುಚಲಿ, ಓಡಮ್ ತಲೆ ಎತ್ತಿ ಈ ಕಡೆ ನೋಡಿದ, ಇಡೀ ಮೈದಾನದಲ್ಲಿ ನನ್ನನ್ನೇ ನೋಡಿದ, ನಾನು ಎರಡು ಬೆರಳು ಎತ್ತಿದೆ, ಬಾಯಿಯ ಹತ್ತಿರ ತಂದೆ, ಬೇಡ ಅಂತ ತಲೆ ಆಡಿಸಿದೆ, ಸೊಂಟದ ಟವಲ್ಲಿಗೆ ಒರೆಸಿದೆ, ಬೇಡ ಕಣೋ, ಮತ್ತೆ ಎತ್ತಿದೆ, ಮತ್ತೆ ಬಾಯಿ, ಮತ್ತೆ ಬೇಡ, ಇಷ್ಟು ದೂರದಿಂದ ಅವನಿಗೆ ಏನು ಕಂಡಿತೋ, ಬೆರಳು ಕಂಡಿತು, ಬಾಯಿ ಕಂಡಿತು, ಹೆಲ್ಮೆಟ್ಟಿನ ಕಂಬಿಗಳ ಹಿಂದೆ ಆ ಹಲ್ಲೆಲ್ಲ ಕಾಣುವ ನಗು, ಚೆನ್ನಾಗಿದೀಯಾ ತಾತ, ಅಯ್ಯೋ ಅಲ್ಲ ಕಣೋ, ಅದಲ್ಲ, ಎಡಗೈ ಪಕ್ಕೆಯ ಮೇಲೇ ಬಿಟ್ಟು ಬಲಗೈ ಎತ್ತಿದ, ನನಗಾಗಿ ಎತ್ತಿದ, ಕಂಬಿಗಳ ಸಂದಿಯಲ್ಲಿ, ನಾಲಿಗೆಗೆ, ಎರಡು ಬೆರಳು —