ಸಡಕಿನ ಮೇಲೆ ಹರವಿದ ಕಡಲೆ

"ಇದೇನ್ ನಿಮ್ಮಪ್ಪನ ಸಡಕೇನಲೇ? ಕಡ್ಲಿ ಹರವಿ ಮಂದಿನ್ನ ಕೊಲ್ಲಾಕ ಕುಂತೀಯೇನ್?"

ಚಂದಪ್ಪನ ಕೂಗಿಗೆ ಬೇವಿನ ಮರದ ಕಾಗೆಗಳು ಎದ್ದು ಹಾರಿದವು. ಅವನ ಬುಲೆಟ್ ಒಣಗಿದ ಕಡಲೆ ಗಿಡಗಳ ಮೇಲೆ ಜಾರಿ, ರಸ್ತೆಯಂಚಿಗೆ ಮಗ್ಗುಲಾಗಿ ಬಿದ್ದು ಇನ್ನೂ ಗುಡುಗುಡು ಅನ್ನುತ್ತಿತ್ತು. ಅವನ ಮೊಣಕೈಯ ಚರ್ಮ ಕಿತ್ತು ರಕ್ತ ಸುರಿಯುತ್ತಿತ್ತು. ಹಿಂದೆ ಕೂತಿದ್ದ ಹೆಂಡತಿ ವಿಜಯಶ್ರೀ ಕಡಲೆ ರಾಶಿಯ ಮೇಲೆಯೇ ಉರುಳಿದ್ದರಿಂದ ಉಳಿದುಕೊಂಡಿದ್ದಳು. ಸೀರೆಗಂಟಿದ ಹೊಟ್ಟು ಝಾಡಿಸುತ್ತ ಎದ್ದಳು.

ಓಡಾಡುವ ಗಾಡಿಗಳೇ ತುಳಿದು ಕಾಳು ಬಿಡಿಸಲಿ ಎಂದು ಬೆಳೆಯನ್ನು ಡಾಂಬರಿನ ಮೇಲೆ ಹರವಿದ್ದ ಭೀಮಶಾ, ಕೈಯಲ್ಲಿ ಬಡಿಗೆ ಹಿಡಿದೇ ಎದುರು ಬಂದ.

"ಲಾರಿ ಹೋಗ್ತಾವ, ಬಸ್ ಹೋಗ್ತಾವ, ಯಾರೂ ಬೀಳಂಗಿಲ್ಲ. ಗಾಡಿ ಹೊಡಿಯಾಕ ಬರಲ್ದಿದ್ರ ನಡ್ಕೊಂತ ಹೋಗು."

"ಏನಂದಿ ಬೋಳಿಮಗನ?"

ಚಂದಪ್ಪ ಅವನ ಕೊರಳಪಟ್ಟಿ ಹಿಡಿದು ಮುಷ್ಟಿ ಎತ್ತಿದ. ಭೀಮಶಾ ಬಡಿಗೆ ಎತ್ತಿದ.

"ಕೈ ಇಳಸ್ರಿ," ಎಂದಳು ವಿಜಯಶ್ರೀ ಗಂಡನಿಗೆ. ದನಿ ಏರಿಸಲಿಲ್ಲ. "ಇನ್ನಾ ಹೊಡದಿಲ್ಲ, ಅದಕ್ಕ ಹೇಳಾಕತ್ತೇನಿ."

ಚಂದಪ್ಪನ ಮುಷ್ಟಿ ಗಾಳಿಯಲ್ಲೇ ನಿಂತಿತು. ಹೋದ ವರ್ಷ ಅದೇ ಕೈಯಿಂದ ಹೆಂಡತಿಯ ಕಪಾಳಕ್ಕೆ ಬಿಟ್ಟಿದ್ದ. ಅವತ್ತಿನಿಂದ ಅವಳ ಎಡಗಿವಿ ಸತ್ತಿತ್ತು. ಅವತ್ತೇ ಅವಳು ತವರೂರು ಮಾದನಹಿಪ್ಪರಗಾಕ್ಕೆ ಹೋದವಳು, ಕರೆಯಲು ಹೋದ ಹಿರಿಯರನ್ನೆಲ್ಲ ಬರಿಗೈಲಿ ಕಳಿಸಿದ್ದಳು. ಕೊನೆಗೆ ತನ್ನ ತಾಯಿ ಗಂಗುಬಾಯಿಯ ಮುಂದೆ ಒಂದು ಷರತ್ತು ಹಾಕಿದಳು. ಮದುವೆಯಾದ ಹೊಸತರಲ್ಲಿ ಬುಲೆಟ್ ಮೇಲೆ ತಿರುಗಿಸಿದ್ದನಲ್ಲ, ನಿಜಾಮನ ಕಾಲದ ಆ ಹಳೇ ಸಡಕು, ಅದರ ಮೇಲೆ ಇನ್ನೊಮ್ಮೆ ಕರೆದುಕೊಂಡು ಹೋಗಲಿ. ಅಫಜಲಪುರ, ಸೊನ್ನ, ಅಲ್ಲಿಂದ ಜೇವರ್ಗಿ. ದಾರಿಯಲ್ಲಿ ಯಾರ ಮೇಲೂ ಕೈ ಮಾಡದೆ ಮನೆಯ ಹೊಸ್ತಿಲು ದಾಟಿಸಿದರೆ ಇರುತ್ತೇನೆ. ಇಲ್ಲದಿದ್ದರೆ ಇಲ್ಲ.

ಚಂದಪ್ಪ ಕೊರಳಪಟ್ಟಿ ಬಿಟ್ಟ. ಆದರೆ ಒಳಗಿನ ಬೆಂಕಿ ಎಲ್ಲಿಗಾದರೂ ಹೋಗಬೇಕಲ್ಲ? ಬೆಳೆಗೆ ಕಾವಲಾಗಿ ಇಟ್ಟಿದ್ದ ಕಲ್ಲನ್ನು ಎತ್ತಿ ತಗ್ಗಿಗೆ ಬೀಸಿದ. ಇನ್ನೊಂದನ್ನು ಎತ್ತಿದ. ರಾಶಿಯನ್ನು ಒದ್ದ, ಕಾಳು ಚಿಲ್ಲೆಂದು ಹಾರಿತು.

"ಹೆಂಡ್ತಿಗಿ ಹೆದರಾಂವಗ ಬುಲೆಟ್ ಯಾಕಲೇ? ಸೈಕಲ್ ತಗೋ!" ಭೀಮಶಾ ಹಿಂದಿನಿಂದ ಕೂಗಿ ನಕ್ಕ.

ಆ ನಗೆ ಚಂದಪ್ಪನ ಬೆನ್ನಿಗೆ ಕಾದ ಕಬ್ಬಿಣ ಇಟ್ಟ ಹಾಗಾಯಿತು. ಹಲ್ಲು ಕಚ್ಚಿ ಗಾಡಿ ಎತ್ತಿದ.

ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂತಿದ್ದ ವಿಜಯಶ್ರೀ ಸ್ವಲ್ಪ ದೂರ ಹೋದ ಮೇಲೆ ಅಂದಳು: "ನೀವೂ ನಮ್ಮ ಹೊಲದ ಮುಂದ ವರ್ಷಾ ಹಿಂಗೇ ಹರವ್ತೀರಲ್ಲ?"

"ನಮ್ಮದು ಬ್ಯಾರೆ. ನಾವು ಸುತ್ತ ಕಲ್ಲಿಡ್ತೇವಿ."

"ಅಂವಾನೂ ಇಟ್ಟಿದ್ದ. ನೀವ ಒಗದ್ರಿ."

ಅವನಿಗೆ ನಗು ಬಂದುಬಿಟ್ಟಿತು. ಅಫಜಲಪುರದಲ್ಲಿ ಮಂಡಕ್ಕಿ ಸುಸಲಾ, ಮಿರ್ಚಿ ತಿನ್ನಿಸಿದ. ಗಾಯಕ್ಕೆ ಅರಿಶಿನ ಮೆತ್ತಿಸಿಕೊಂಡ. ಹಳೇ ಸಡಕಿನ ಅಂಚಿನಲ್ಲಿ ಉರ್ದು ಅಂಕಿ ಕೆತ್ತಿದ ಮೈಲುಗಲ್ಲು ಕಂಡಲ್ಲೆಲ್ಲ, ಮೊದಲಿನ ಹಾಗೆಯೇ, ಗಾಡಿ ನಿಲ್ಲಿಸಿ ಅದರ ಮೇಲೆ ಅವಳನ್ನು ಕೂಡಿಸಿ ಫೋಟೋ ಹೊಡೆದ. ಸೊನ್ನದ ಬ್ಯಾರೇಜಿನ ಮೇಲೆ ಭೀಮೆಯ ಗಾಳಿಗೆ ಸೆರಗು ಅವನ ಮುಖಕ್ಕೆ ಬಡಿದಾಗ ಅವಳು ಬಾಯ್ತುಂಬ ನಕ್ಕಳು. ಗೆದ್ದೆ ಅಂದುಕೊಂಡ ಚಂದಪ್ಪ. ಆದರೂ ಸೈಕಲ್ಲಿನ ಆ ಮಾತು ಮುಳ್ಳಿನ ಹಾಗೆ ಒಳಗೇ ಉಳಿದಿತ್ತು.

ಜೇವರ್ಗಿಯ ಹತ್ತಿರ, ಹೊತ್ತು ಇಳಿಯುವಾಗ, ಅವರ ಹೊಲ ಬಂತು. ಆಚೆಗೆ ಮನೆಯ ಮೇಲಿನ ತಗಡಿನ ಪತ್ರಾಸು ಹೊಳೆಯುತ್ತಿತ್ತು. ರಸ್ತೆಯ ಮೇಲೆ ಅವರದೇ ಕಡಲೆ. ಅದರ ನಡುವೆ ಒಂದು ಸ್ಕೂಟರ್ ಬಿದ್ದಿತ್ತು. ಎಳೇ ಹೆಂಗಸೊಬ್ಬಳು ಹಣೆಯ ರಕ್ತ ಒತ್ತಿಕೊಂಡು ಕೂತಿದ್ದಳು. ಚಂದಪ್ಪನ ತಮ್ಮ ಪರಮೇಶನ ಕೊರಳಪಟ್ಟಿಯನ್ನು ಅವಳ ಗಂಡ ಹಿಡಿದು ಅಲ್ಲಾಡಿಸುತ್ತಿದ್ದ.

ವಿಜಯಶ್ರೀ ಚಂದಪ್ಪನ ಹೆಗಲು ಒತ್ತಿ ಹಿಡಿದಳು. "ಮನಿ ಬಂತ್ರಿ. ಬಿಡಿಸ್ರಿ ಅಷ್ಟ. ಹೊಡೀಬ್ಯಾಡ್ರಿ."

ಬಿಡಿಸಲೆಂದೇ ಹೋದ. ಖರೇ ಹೇಳಬೇಕೆಂದರೆ, ಬಿಡಿಸಲೆಂದೇ ಹೋದ. ಆ ಯುವಕ ತಿರುಗಿ ನೋಡಿ, "ನೀ ಯಾಂವಲೇ ನಡುವ? ಇದೇನ್ ನಿಮ್ಮಪ್ಪನ ಸಡಕೇನು?" ಅಂದ.

ಮೊದಲ ಏಟಿಗೆ ಮೂಗು ಒಡೆಯಿತು. ಎರಡನೆಯದಕ್ಕೆ ಅವನು ಕಾಳಿನ ಮೇಲೆ ಬಿದ್ದ. ಚಂದಪ್ಪ ಎದೆಯ ಮೇಲೆ ಮಂಡಿಯೂರಿ ಹೊಡೆದ, ಭೀಮಶಾನಿಗೆ ಬೀಳಬೇಕಿದ್ದ ಏಟುಗಳನ್ನೆಲ್ಲ ಹೊಡೆದ. ಸೈಕಲ್ ಅಂದ್ಯಾ, ಸೈಕಲ್ ಅಂದ್ಯಾ ಎಂದು ಬಡಬಡಿಸಿದ. ಆ ಬಡಪಾಯಿ ಯಾವ ಸೈಕಲ್ಲಿನ ಮಾತನ್ನೂ ಆಡಿರಲಿಲ್ಲ. ಅವನ ಹೆಂಡತಿ ಕಿರುಚಿದಳು. ಪರಮೇಶನೇ ಅಣ್ಣನ ಸೊಂಟ ಹಿಡಿದು ಜಗ್ಗಿದ.

"ಬಿಡಣ್ಣಾ, ಸಾಯ್ತಾನ! ತಪ್ಪು ನಮ್ಮದೈತಿ, ಬಿಡು!"

ಯುವಕ ಹೊರಳಿ ಉಗುಳಿದ. ಕಡಲೆಯ ನಡುವೆ ಒಂದು ಹಲ್ಲು ಬಿತ್ತು.

ಚಂದಪ್ಪ ಏದುಸಿರು ಬಿಡುತ್ತ ಎದ್ದಾಗ, ವಿಜಯಶ್ರೀ ಹಾದುಹೋಗುತ್ತಿದ್ದ ಟಂಟಂ ಆಟೋ ನಿಲ್ಲಿಸಿದ್ದಳು. ಪರಮೇಶನ ಕೈಯಿಂದ ಆ ಯುವಕನನ್ನು ಹತ್ತಿಸಿದಳು, ತಾನು ಅವನ ಹೆಂಡತಿಯನ್ನು ಹತ್ತಿಸಿದಳು. ಟಂಟಂ ದವಾಖಾನೆಯ ಕಡೆ ಹೋಯಿತು. ಆಮೇಲೆ ಅವಳು ಬುಲೆಟ್ಟಿಗೆ ನೇತುಹಾಕಿದ್ದ ತನ್ನ ಚೀಲ ಬಿಚ್ಚಿಕೊಂಡಳು.

"ಏ ವಿಜ್ಜಿ! ಅಂವಾ ನನ್ನ ತಮ್ಮನ ಕೊಳ್ಳಪಟ್ಟಿ ಹಿಡದಿದ್ದ, ನೋಡಿಲ್ಲೇನ್?"

"ನೋಡೇನ್ರಿ. ಮುಂಜಾನೆ ನೀವೂ ಹಿಡದಿದ್ರಿ. ನಿಮ್ಮ ಹಲ್ಲ ಯಾರೂ ಉದುರಿಸಲಿಲ್ಲ."

ಮನೆಗೆ ಬೆನ್ನು ಹಾಕಿ, ಬಂದ ದಾರಿಯಲ್ಲೇ ನಡೆದಳು. ಅವನು ಓಡಿ ಎಡಗಡೆಯಿಂದ ಬೈದ. ಸತ್ತ ಕಿವಿ ನೆನಪಾಗಿ ಬಲಗಡೆಗೆ ಬಂದು ಬೇಡಿಕೊಂಡ. ಅವಳ ನಡಿಗೆ ಎರಡಕ್ಕೂ ಬದಲಾಗಲಿಲ್ಲ. ರಟ್ಟೆ ಹಿಡಿಯಲು ಕೈ ಚಾಚಿದ. ಬೆರಳ ಗೆಣ್ಣಿನ ಮೇಲಿನ ರಕ್ತ ಅವಳಿಗೆ ಕಂಡಿತು. ತಾನೇ ಕೈ ಹಿಂದೆಗೆದುಕೊಂಡ. ಬಸ್ಸೊಂದು ಬಂತು, ಅವಳು ಕೈ ಮಾಡಿದಳು, ಹತ್ತಿದಳು.

"ಸಿಟ್ಟಿಳದ ಮ್ಯಾಲ ವೈನಿ ಬರ್ತಾಳ ತಗೋ," ಎಂದ ಪರಮೇಶ.

ಬರಲಿಲ್ಲ. ಆ ಕಡಲೆ ಚೀಲ ಸೇರಿದಾಗಲೂ ಬರಲಿಲ್ಲ, ಆಮೇಲೂ ಬರಲಿಲ್ಲ.